ಕಾಳಿನಂಗಡಿಯಲ್ಲಿ ಸ್ಟೀರಿಯೋ ಮೈಕ್ರೋಸ್ಕೋಪ್: 20 ಪಟ್ಟು ಸಾಕು

ಬೆಳಗಾವಿಯ ರವಿವಾರ ಪೇಟೆಯಲ್ಲಿ ನಮ್ಮದು ಕಾಳುಕಡಿ ಅಂಗಡಿ. ಜೋಳ, ಗೋಧಿ, ಅಕ್ಕಿ, ಹೆಸರು, ಅಲಸಂದಿ ಮಾರುತ್ತೇವೆ. ಅಪ್ಪನ ಕಾಲದಿಂದಲೂ ನುಸಿಯ ಜೊತೆ ನಮ್ಮ ಜಗಳ ಇದ್ದೇ ಇದೆ. ಆದರೆ ಆ ನುಸಿಯನ್ನು ಸರಿಯಾಗಿ ನೋಡಬೇಕು ಅಂತ ದುಡ್ಡು ಕೊಟ್ಟು ಮೈಕ್ರೋಸ್ಕೋಪ್ ತಂದವನು ಪೇಟೆಯಲ್ಲಿ ನಾನೊಬ್ಬನೇ ಇರಬೇಕು. ಪಕ್ಕದ ಅಂಗಡಿಯವರು ಕೇಳಿಯೇ ಬಿಟ್ಟರು: "ಏನ್ರೀ, ನುಸಿಗೆ ಚಾಳೀಸು ಹಾಕಾಕ ಹತ್ತೀರೇನು?"

ತಂದದ್ದು ಸ್ಟೀರಿಯೋ ಮೈಕ್ರೋಸ್ಕೋಪ್. ಕಣ್ಣಿಗೆ ಹಚ್ಚುವ ಮಸೂರ 10 ಪಟ್ಟಿನದು. ಕೆಳಗಿನ ಮಸೂರ ತಿರುಗಿಸಿದರೆ 2 ಅಥವಾ 4. ಅಂದರೆ ಒಟ್ಟು 20 ಪಟ್ಟು, ಇಲ್ಲವೇ 40 ಪಟ್ಟು. ಮೇಲೊಂದು ಎಲ್‌ಇಡಿ, ಕೆಳಗೊಂದು ಎಲ್‌ಇಡಿ. ತಯಾರಾದದ್ದು ಹರಿಯಾಣದ ಅಂಬಾಲದಲ್ಲಿ. ಶಾಲಾ ಪ್ರಯೋಗಾಲಯದ ಸಾಮಾನು ಬಹಳಷ್ಟು ಅಲ್ಲಿಂದಲೇ ಬರುತ್ತದೆ. ನಾನು ಕೊಟ್ಟದ್ದು ಒಂಬತ್ತು ಸಾವಿರದ ಆಸುಪಾಸು. ಮುಂದೆ ಒಂದೆರಡು ದೂರು ಹೇಳುವುದಿದೆ, ಹಾಗಾಗಿ ಕಂಪನಿಯ ಹೆಸರೂ ಅಂಗಡಿಯ ಹೆಸರೂ ಬೇಡ.

ಅಂಗಡಿಯವರು ಮೊದಲು ತೋರಿಸಿದ್ದು 1000 ಪಟ್ಟಿನದು. ಕಾಲೇಜಿನಲ್ಲಿ ಇರುತ್ತದಲ್ಲ, ಅದು. "ಇಷ್ಟೇ ರೇಟಿಗೆ ಜಾಸ್ತಿ ಜೂಮ್ ಸಿಗುತ್ತೆ ಸಾರ್" ಅಂದರು. ನೀವೂ ಕೊಳ್ಳಲು ಹೋದರೆ ಇದೇ ಮಾತು ಕೇಳುತ್ತೀರಿ. ಹುಳ ನೋಡುವುದಾದರೆ ಅದು ಬೇಡವೇ ಬೇಡ. ಅದರಲ್ಲಿ ಬೆಳಕು ಕೆಳಗಿಂದ ಬರುತ್ತದೆ. ನೋಡುವ ವಸ್ತು ಬೆಳಕು ಹಾಯುವಷ್ಟು ತೆಳ್ಳಗಿರಬೇಕು. ನುಸಿ ಇಟ್ಟರೆ ಬರೀ ಕರಿ ನೆರಳು ಕಾಣುತ್ತದೆ. ಮೇಲಾಗಿ 1000 ಪಟ್ಟಿನಲ್ಲಿ ನೋಡುವಾಗ ಮಸೂರ ವಸ್ತುವಿಗೆ ಹೆಚ್ಚುಕಡಿಮೆ ತಾಗಿಯೇ ನಿಲ್ಲುತ್ತದೆ, ನಡುವೆ ಎಣ್ಣೆ ಬೇರೆ ಹಾಕಬೇಕು. ಸ್ಟೀರಿಯೋದಲ್ಲಿ ಮಸೂರದ ಕೆಳಗೆ ಕೈ ಹಾಕಿ ಸೂಜಿಯಿಂದ ಹುಳವನ್ನು ಮಗ್ಗುಲು ಬದಲಿಸಬಹುದು. ಎರಡು ಕಣ್ಣಿಗೆ ಎರಡು ಬೇರೆ ಬೇರೆ ದಾರಿಯಲ್ಲಿ ಚಿತ್ರ ಬರುವುದರಿಂದ ಆಳ ಗೊತ್ತಾಗುತ್ತದೆ. ಚಿತ್ರ ತಲೆಕೆಳಗೂ ಆಗುವುದಿಲ್ಲ.

ಅಣ್ಣನ ಮಗನ ಹತ್ತಿರ ಯುಎಸ್‌ಬಿ ಕ್ಯಾಮೆರಾ ಇದೆ, ಡಬ್ಬಿಯ ಮೇಲೆ 1600 ಪಟ್ಟು ಅಂತ ಬರೆದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ನುಸಿ ನೋಡಿದೆವು. ಅವನ ಲ್ಯಾಪ್‌ಟಾಪಿನಲ್ಲಿ ನುಸಿ ರೊಟ್ಟಿಯ ಹಾಗೆ ಚಪ್ಪಟೆ. ಕೈ ಅಲ್ಲಾಡಿದರೆ ಚಿತ್ರ ಹಿಂದೆ ಉಳಿಯುತ್ತದೆ. ಮಕ್ಕಳಿಗೆ ಆಟಕ್ಕೆ ಸರಿ.

ನಾನು ಈ ಸಾಮಾನು ತಂದದ್ದರ ಹಿಂದೆ ಒಂದು ಹುಚ್ಚು ಇದೆ. ಜೀರುಂಡೆಗಳು ಹೇಗೆ ಇಷ್ಟು ಬಗೆಯಾದವು ಅನ್ನುವುದನ್ನು ಓದುತ್ತಾ ಹೋದೆ. ಹೆಸರಿಟ್ಟ ಜೀರುಂಡೆ ಜಾತಿಗಳೇ ಸುಮಾರು 4 ಲಕ್ಷ. ಭೂಮಿಯ ಮೇಲೆ ಗುರುತಿಸಿದ ಪ್ರಾಣಿ ಜಾತಿಗಳಲ್ಲಿ ನಾಲ್ಕರಲ್ಲಿ ಒಂದು ಜೀರುಂಡೆ. ನುಸಿಯೂ ಅದೇ ಗುಂಪು, ಮಿಂಚುಹುಳವೂ ಅದೇ ಗುಂಪು, ಸಗಣಿ ಉರುಳಿಸುವ ಹುಳವೂ ಅದೇ. ಓದಿದ್ದನ್ನು ಕಣ್ಣಾರೆ ನೋಡಬೇಕಲ್ಲ. ನೋಡಿದ ಮೇಲೆ ಒಂದು ಮಾತು ಖಾತ್ರಿ ಆಯಿತು. ಈ ಗುಂಪಿನ ಕೋಟ್ಯಂತರ ವರ್ಷದ ಕಥೆ ಹೆಚ್ಚಾಗಿ ಮೈಯ ಹೊರಗೇ ಇದೆ. ಬೆನ್ನ ಮೇಲೆ, ಕಾಲಿನ ಬುಡದಲ್ಲಿ, ಮೂತಿಯ ತುದಿಯಲ್ಲಿ. ಅದನ್ನು ಓದಲು 20 ಪಟ್ಟು ಸಾಕು. 40 ಪಟ್ಟು ಅಪರೂಪಕ್ಕೆ ಬೇಕು.

ಮೊದಲು ನುಸಿ. ವಿಜಯಪುರದಿಂದ ಬಂದ ಮಾಲದಂಡಿ ಜೋಳದ ಚೀಲದ್ದು. ಉದ್ದ ಸುಮಾರು 3 ಮಿಲಿಮೀಟರ್. 20 ಪಟ್ಟಿನಲ್ಲಿ ಒಮ್ಮೆಗೆ ಸುಮಾರು 1 ಸೆಂಟಿಮೀಟರ್ ಅಗಲದ ಜಾಗ ಕಾಣುತ್ತದೆ. ಅಂದರೆ ಇಡೀ ನುಸಿ ಆರಾಮಾಗಿ ಕೂರುತ್ತದೆ, ಪಕ್ಕದಲ್ಲಿ ಅದು ಕೊರೆದ ಕಾಳೂ ಇರುತ್ತದೆ. ಕಣ್ಣಿಗೆ ಕಂದು ಚುಕ್ಕಿಯಾಗಿ ಕಾಣುವ ಹುಳದ ಬೆನ್ನ ಮೇಲೆ ಸಾಲು ಸಾಲು ಗುಳಿಗಳು, ನಾಲ್ಕು ಕೆಂಪು ಮಚ್ಚೆಗಳು. ಮುಂದೆ ಉದ್ದ ಮೂತಿ. ಬಾಯಿ ಇರುವುದು ಆ ಮೂತಿಯ ತುದಿಯಲ್ಲಿ. ಹೆಣ್ಣು ಆ ಮೂತಿಯಿಂದ ಕಾಳಿಗೆ ತೂತು ಕೊರೆದು, ಒಳಗೆ ಮೊಟ್ಟೆ ಇಟ್ಟು, ಮೇಲೆ ಅಂಟು ಮೆತ್ತಿ ಮುಚ್ಚುತ್ತದೆ. ಬರಿಗಣ್ಣಿಗೆ ಕಾಳು ಚೆನ್ನಾಗಿಯೇ ಇರುತ್ತದೆ. ಗಿರಾಕಿ ಮನೆಗೆ ಒಯ್ದ ಮೇಲೆ ಒಳಗಿಂದ ಹುಳ ಹೊರಬಂದು ನಮಗೆ ಬೈಸುವುದು ಇದೇ ಕಾರಣಕ್ಕೆ. ಮೈಕ್ರೋಸ್ಕೋಪಿನಲ್ಲಿ ಆ ಮುಚ್ಚಳ ಕಾಣುತ್ತದೆ, ಹುಡುಕುವ ತಾಳ್ಮೆ ಇರಬೇಕು ಅಷ್ಟೇ.

ಮೂತಿ ಹುಳಗಳ ಪಳೆಯುಳಿಕೆಗಳು ಕಜಕಸ್ತಾನದ ಕರಟೌ ಎಂಬಲ್ಲಿ ಜುರಾಸಿಕ್ ಕಾಲದ ಕಲ್ಲುಗಳಲ್ಲಿ ಸಿಕ್ಕಿವೆ. ಆಗ ಜೋಳವೂ ಇಲ್ಲ, ಹುಲ್ಲೂ ಇಲ್ಲ. ಪೈನ್ ತರಹದ ಮರಗಳ ಕಾಲ. ಆಮೇಲೆ ಹೂಬಿಡುವ ಗಿಡಗಳು ಬಂದವು, ಜೊತೆಗೆ ಅವುಗಳ ಬಗೆಬಗೆಯ ಬೀಜ, ಕಾಂಡ, ಕಾಯಿ. ಕೊರೆಯಲು ಮೂತಿ ಇದ್ದವರಿಗೆ ಸುಗ್ಗಿ. ಇವತ್ತು ಈ ಬಳಗದಲ್ಲಿ 60 ಸಾವಿರಕ್ಕೂ ಜಾಸ್ತಿ ಜಾತಿಗಳಿವೆ.

ಕಾಳಿನಿಂದ ಆಗ ತಾನೇ ಹೊರಬಂದ ನುಸಿ ತಿಳಿ ಕೆಂಪು. ದಿನ ಕಳೆದಂತೆ ಕಪ್ಪಾಗುತ್ತದೆ, ಗಟ್ಟಿಯಾಗುತ್ತದೆ. ಆ ಕವಚ ಗಟ್ಟಿಯಾಗಲು ಬೇಕಾದ ಟೈರೋಸಿನ್ ಅನ್ನುವ ವಸ್ತುವನ್ನು ಒದಗಿಸುವುದು ನುಸಿಯ ಮೈಯೊಳಗೇ ಬದುಕುವ ಒಂದು ಬ್ಯಾಕ್ಟೀರಿಯಾ. ಕವಚದ ಕೆಲಸ ಮುಗಿದ ಮೇಲೆ ನುಸಿ ತನ್ನ ಕರುಳಿನ ಭಾಗದಲ್ಲಿದ್ದ ಆ ಬ್ಯಾಕ್ಟೀರಿಯಾವನ್ನು ತಾನೇ ಕರಗಿಸಿಬಿಡುತ್ತದೆ. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಪೇಟೆಯಲ್ಲೂ ಇಂಥವರಿದ್ದಾರೆ. ಬ್ಯಾಕ್ಟೀರಿಯಾ ಈ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಬಣ್ಣ ಬದಲಾಗುವುದು ಮಾತ್ರ ಚೆನ್ನಾಗಿ ಕಾಣುತ್ತದೆ.

ಅಂಗಡಿಯಲ್ಲಿ ಸಿಗುವ ಇನ್ನೆರಡು ಹುಳಗಳು: ಹಿಟ್ಟಿನಲ್ಲಿ ಬರುವ ಕೆಂಪು ಹುಳ, ಹೆಸರು ಅಲಸಂದಿಯಲ್ಲಿ ಬರುವ ಕುಟ್ಟೆ ಹುಳ. ಗಿರಾಕಿಗೆ ಎಲ್ಲವೂ "ಹುಳ" ಅಷ್ಟೇ. ಕುಟ್ಟೆ ಹುಳದ ಬೆನ್ನಿನ ಕವಚ ಗಿಡ್ಡ, ಹಿಂದಿನ ತುದಿ ಹೊರಗೇ ಉಳಿದಿರುತ್ತದೆ. ಮೊಟ್ಟೆಯನ್ನು ಇದು ಕಾಳಿನ ಮೇಲೆಯೇ ಬಿಳಿ ಚುಕ್ಕಿಯಾಗಿ ಅಂಟಿಸುತ್ತದೆ. ಎಲೆ ತಿನ್ನುವ ಜೀರುಂಡೆಗಳ ಮನೆತನಕ್ಕೆ ಸೇರಿದ್ದು. ಆ ಮನೆತನ ಮತ್ತು ಮೂತಿ ಹುಳಗಳ ಮನೆತನ ಹತ್ತಿರದ ದಾಯಾದಿಗಳು. ಹಿಟ್ಟಿನ ಹುಳ ದೂರದ ನೆಂಟ. ನುಸಿ ಮತ್ತು ಕುಟ್ಟೆಯ ಈ ದಾಯಾದಿ ಬಳಗದ ಪೂರ್ವಜರು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಂದ ಕೆಲವು ಜೀನ್‌ಗಳನ್ನು ಪಡೆದುಕೊಂಡರು, ಗಿಡದ ಜೀವಕೋಶದ ಗೋಡೆ ಕರಗಿಸುವ ಜೀನ್‌ಗಳು. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದನ್ನು ವಿವರವಾಗಿ ತೋರಿಸಿತು. ಗಿಡ ತಿನ್ನುವ ಜೀರುಂಡೆಗಳು ಇಷ್ಟು ಹೆಚ್ಚಾಗಲು ಅದೂ ಒಂದು ಕಾರಣ. ನಮ್ಮ ನಷ್ಟದ ಬೇರು ಎಲ್ಲಿದೆ ನೋಡಿ!

ಹಿಟ್ಟಿನ ಹುಳಕ್ಕೆ 40 ಪಟ್ಟು ಬೇಕಾಯಿತು. ಇದರಲ್ಲಿ ನೋಡಲು ಒಂದೇ ಥರ ಇರುವ ಎರಡು ಜಾತಿಗಳಿವೆ. ಮೀಸೆಯ ಕೊನೆಯ ಮೂರು ಗೆಣ್ಣು ಇದ್ದಕ್ಕಿದ್ದಂತೆ ದಪ್ಪಗಿದ್ದರೆ ಕೆಂಪು ಹಿಟ್ಟಿನ ಹುಳ. ನಿಧಾನಕ್ಕೆ ದಪ್ಪವಾಗುತ್ತಾ ಹೋಗಿದ್ದರೆ ಇನ್ನೊಂದು. ನನ್ನ ಹಿಟ್ಟಿನಲ್ಲಿದ್ದದ್ದು ಕೆಂಪು ಹುಳವೇ. ಇದು ಸಾಮಾನ್ಯದ್ದಲ್ಲ, ಜೀರುಂಡೆಗಳಲ್ಲಿ ಮೊದಲು ಪೂರ್ತಿ ಜೀನೋಮ್ ಓದಿದ್ದು ಇದರದ್ದೇ, 2008ರಲ್ಲಿ ಪ್ರಕಟವಾಯಿತು. ಅಕ್ಕಿ ನುಸಿ ಯಾವುದು, ಮೆಕ್ಕೆಜೋಳದ ನುಸಿ ಯಾವುದು ಅಂತ ಹೊರಗಿಂದ ನಂಬಿಕೆಯಿಂದ ಹೇಳಲು ಬರುವುದಿಲ್ಲ, ಒಳಗಿನ ಅಂಗ ಬಿಡಿಸಿ ನೋಡಬೇಕು. ಅದು ನನ್ನ ಕೈಯಲ್ಲಿ ಆಗದ ಕೆಲಸ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಹುಳವನ್ನು ಅಂಗಾತ ಹಾಕಿ ಹೊಟ್ಟೆಯ ಕಡೆ ನೋಡಿದ್ದು. ಜೀರುಂಡೆಗಳಲ್ಲಿ ನಾಲ್ಕು ದೊಡ್ಡ ಗುಂಪುಗಳು. ಅದರಲ್ಲಿ ಎರಡು ತೀರಾ ಚಿಕ್ಕವು. ಉಳಿದೆರಡು ಅಡೆಫಾಗ ಮತ್ತು ಪಾಲಿಫಾಗ. ನೂರಕ್ಕೆ ತೊಂಬತ್ತರಷ್ಟು ಜಾತಿಗಳು ಪಾಲಿಫಾಗದಲ್ಲೇ ಇವೆ. ನಮ್ಮ ಅಂಗಡಿಯ ಹುಳಗಳೆಲ್ಲ ಅದೇ. ಮಳೆಗಾಲದಲ್ಲಿ ದೀಪಕ್ಕೆ ಬಂದು ನೆಲದ ಮೇಲೆ ಓಡಾಡುವ, ಬೇರೆ ಹುಳ ಹಿಡಿದು ತಿನ್ನುವ ಕರಿ ಜೀರುಂಡೆ ಅಡೆಫಾಗ. ಅದರಲ್ಲಿ ಹಿಂಗಾಲಿನ ಬುಡದ ಫಲಕ ಹಿಂದಕ್ಕೆ ಚಾಚಿ ಹೊಟ್ಟೆಯ ಮೊದಲ ಪಟ್ಟಿಯನ್ನು ಎರಡು ತುಂಡು ಮಾಡಿರುತ್ತದೆ. ಪಾಲಿಫಾಗದಲ್ಲಿ ಆ ಪಟ್ಟಿ ಅಡ್ಡಲಾಗಿ ಪೂರ್ತಿ ಹಾದುಹೋಗುತ್ತದೆ. ಇಷ್ಟೇ ಗುರುತು. ಈ ಎರಡು ದಾರಿ ಬೇರೆಯಾದದ್ದು ಡೈನೋಸಾರ್‌ಗಳು ಬರುವ ಮುಂಚೆ! ಅಷ್ಟು ಹಳೆಯ ಪಾಲುಪಟ್ಟಿ 20 ಪಟ್ಟಿನಲ್ಲಿ, ಬೇಕಾದರೆ ಒಳ್ಳೆಯ ಭೂತಗನ್ನಡಿಯಲ್ಲಿ ಕೂಡ, ಕಾಣುತ್ತದೆ. ಒಂದು ಎಚ್ಚರಿಕೆ: ಈ ಕರಿ ಜೀರುಂಡೆಗಳನ್ನು ಬರಿಗೈಯಲ್ಲಿ ಹಿಡಿಯಬೇಡಿ, ಕೆಲವು ಖಾರದ ದ್ರವ ಹೊಡೆಯುತ್ತವೆ. ಕೇಂಬ್ರಿಜ್‌ನಲ್ಲಿ ಓದುವಾಗ ಜೀರುಂಡೆ ಹುಚ್ಚು ಹಿಡಿದಿದ್ದ ಡಾರ್ವಿನ್, ಎರಡೂ ಕೈಯಲ್ಲಿ ಒಂದೊಂದಿದ್ದಾಗ ಮೂರನೆಯದು ಕಂಡು ಒಂದನ್ನು ಬಾಯಿಗೆ ಹಾಕಿಕೊಂಡು ನಾಲಿಗೆ ಸುಟ್ಟುಕೊಂಡಿದ್ದ.

ಬೆನ್ನಿನ ಕವಚದ ಬಗ್ಗೆ ಹೇಳಲೇಬೇಕು. ಅದು ಮುಂದಿನ ಜೋಡಿ ರೆಕ್ಕೆ ಗಟ್ಟಿಯಾಗಿ ಆದದ್ದು. ಹಾರುವ ರೆಕ್ಕೆ ಅದರಡಿ ಮಡಚಿಕೊಂಡಿರುತ್ತದೆ. 29 ಕೋಟಿ ವರ್ಷ ಹಳೆಯ, ಪರ್ಮಿಯನ್ ಕಾಲದ ಜೀರುಂಡೆಗಳಲ್ಲಿ ಈ ಕವಚ ಹೊಟ್ಟೆಗಿಂತ ಉದ್ದ, ಸಡಿಲ, ಮೇಲೆ ರೆಕ್ಕೆಯ ನರಗಳ ಜಾಲರಿ ಇನ್ನೂ ಉಳಿದಿತ್ತು. ನಂತರದವುಗಳಲ್ಲಿ ಅದು ಮೈಗೆ ಬಿಗಿಯಾಗಿ ಕೂತಿತು. ನಡುಬೆನ್ನಿನಲ್ಲಿ ಎರಡು ಕವಚ ಸೇರುವ ಗೆರೆಯನ್ನು 20 ಪಟ್ಟಿನಲ್ಲಿ ನೋಡಿ, ಎಷ್ಟು ಚೊಕ್ಕ ಅಂತ ಗೊತ್ತಾಗುತ್ತದೆ. ತೊಗಟೆಯ ಅಡಿ, ಮಣ್ಣಿನೊಳಗೆ, ಕಾಳಿನ ರಾಶಿಯೊಳಗೆ ನುಗ್ಗಿದರೂ ರೆಕ್ಕೆ ಹರಿಯುವುದಿಲ್ಲ. ಮೈಯ ನೀರೂ ಬೇಗ ಆರುವುದಿಲ್ಲ. ನಮ್ಮಲ್ಲಿ ಬಾವಿ ತೋಡಿದರೆ ಸಿಗುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಆಗಿ ಹರಿದದ್ದು. ಅದೇ ಕಾಲಕ್ಕೆ ಡೈನೋಸಾರ್‌ಗಳು ಹೋದವು. ಜೀರುಂಡೆಗಳ ಮನೆತನಗಳು ಹೆಚ್ಚಾಗಿ ಉಳಿದುಕೊಂಡವು. ಹೊಸ ಜಾತಿಗಳು ಹುಟ್ಟಿದ್ದಷ್ಟೇ ಅಲ್ಲ, ಹಳೆಯ ಕವಲುಗಳು ಸುಲಭಕ್ಕೆ ಅಳಿಯಲಿಲ್ಲ.

ಜಾಲಿ ಮರದ ಕೆಳಗೆ ಸತ್ತು ಬಿದ್ದ ಒಂದು ಜೀರ್ಜಿಂಬೆಯನ್ನು ಊರಿಂದ ಬಂದವರು ತಂದುಕೊಟ್ಟರು. ಚಿಕ್ಕವರಿದ್ದಾಗ ಕಡ್ಡಿಪೆಟ್ಟಿಗೆಯಲ್ಲಿ ಇಟ್ಟು ಸಾಕಿದವರಿಗೆ ಆ ಹಸಿರು ಗೊತ್ತಲ್ವಾ? ಬೆಳಕಿನ ಕೋನ ಬದಲಿಸಿದಂತೆ ಬಣ್ಣವೂ ಬದಲಾಗುತ್ತದೆ. ಅದು ಬಳಿದ ಬಣ್ಣ ಅಲ್ಲ, ಕವಚದ ತೆಳು ಪದರಗಳಿಂದ ಬೆಳಕು ತಿರುಗಿ ಬರುವ ರೀತಿ. ಹಾಗಾಗಿಯೇ ಸತ್ತ ಮೇಲೂ ಮಾಸುವುದಿಲ್ಲ. ಜರ್ಮನಿಯ ಮೆಸ್ಸೆಲ್‌ನಲ್ಲಿ ಸಿಕ್ಕ ಸುಮಾರು 4.7 ಕೋಟಿ ವರ್ಷ ಹಳೆಯ ಜೀರುಂಡೆಗಳು ಇವತ್ತಿಗೂ ಹೊಳೆಯುತ್ತವೆ.

ಇಲ್ಲಿಯೇ ಈ ಯಂತ್ರದ ಮೊದಲ ದೋಷ. ಮೇಲಿನ ಎಲ್‌ಇಡಿ ಒಂದೇ ಬದಿಯಿಂದ, ಚುಚ್ಚುವ ಹಾಗೆ ಬೀಳುತ್ತದೆ. ನುಣುಪಾದ ಕವಚದ ಮೇಲೆ ಬಿಳಿ ಚುಕ್ಕಿ ಹೊಳೆದು ಉಳಿದದ್ದೇನೂ ಕಾಣುವುದಿಲ್ಲ. ಹುಳದ ಸುತ್ತ ಬಟರ್ ಪೇಪರ್‌ನ ಸಣ್ಣ ಸುರುಳಿ ನಿಲ್ಲಿಸಿ, ಸರಿಹೋಗುತ್ತದೆ. ಕಂಪನಿಯವರು ಇದನ್ನು ತಾವೇ ಕೊಡಬಹುದಿತ್ತು.

ಈಗ ಸಮುದ್ರದ ಕಡೆಯದ್ದು. ನಮ್ಮದು ಸಸ್ಯಾಹಾರಿ ಮನೆ, ಆದರೆ ಬೆಳಗಾವಿಗೆ ಗೋವಾ ಕಾರವಾರದ ಮೀನು ದೂರದ್ದೇನಲ್ಲ. ಅಂಗಡಿಯ ಹಮಾಲರೊಬ್ಬರು ಮೀನು ಮಾರ್ಕೆಟ್ಟಿನಿಂದ ಚಿಪ್ಪು ತಂದುಕೊಟ್ಟರು. ನನಗೆ ಬೇಕಾದದ್ದು ಚಿಪ್ಪಲ್ಲ, ಅದರ ಮೇಲೆ ಸಣ್ಣ ಬಿಳಿ ಗುಡ್ಡದಂತೆ ಅಂಟಿಕೊಂಡಿದ್ದ ಬಾರ್ನಕಲ್. ಮನೆಯವಳು ಅದನ್ನು ಅಡುಗೆಮನೆ ದಾಟಲು ಬಿಡಲಿಲ್ಲ. ಸರಿಯೇ, ವಾಸನೆ ಇತ್ತು.

ನೋಡಲು ಚಿಪ್ಪಿನ ಪ್ರಾಣಿ. ಹಳಬರೂ ಹಾಗೇ ತಿಳಿದಿದ್ದರು. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಇದರ ಮರಿಗಳನ್ನು ಗಮನಿಸಿ, ಇದು ಏಡಿ ಸೀಗಡಿಯ ಬಳಗ ಅಂತ ತೋರಿಸಿಕೊಟ್ಟರು. ಮರಿ ನೀರಿನಲ್ಲಿ ಈಜಾಡುತ್ತದೆ. ಜಾಗ ಸಿಕ್ಕ ಮೇಲೆ ಮೀಸೆಯ ಕಡೆಯಿಂದ ಸಿಮೆಂಟ್ ಬಿಟ್ಟು ಅಂಟಿಕೊಂಡು, ಸುತ್ತ ಸುಣ್ಣದ ಗೋಡೆ ಕಟ್ಟುತ್ತದೆ. ಆಮೇಲೆ ಜೀವನವಿಡೀ ತಲೆ ಕೆಳಗೆ, ಕಾಲು ಮೇಲೆ. ಆರು ಜೋಡಿ ಗರಿಯಂಥ ಕಾಲುಗಳಿಂದ ನೀರು ಸೋಸಿ ತಿನ್ನುತ್ತದೆ. ಕಾಲಿನ ಪೊರೆ ಕಳಚುತ್ತದೆ, ಗೋಡೆ ಮಾತ್ರ ಕಳಚುವುದಿಲ್ಲ, ಅಂಚಿನಲ್ಲಿ ಬೆಳೆಯುತ್ತಾ ಹೋಗುತ್ತದೆ.

20 ಪಟ್ಟಿನಲ್ಲಿ ಗೋಡೆಯ ಫಲಕ ಎಣಿಸಿ. ನನ್ನದರಲ್ಲಿ ಆರು. ಒಂದರ ಅಂಚು ಇನ್ನೊಂದರ ಮೇಲೆ ಹೇಗೆ ಕೂತಿದೆ ಅನ್ನುವುದು ಆಳ ಕಾಣುವುದರಿಂದಲೇ ಗೊತ್ತಾಗುತ್ತದೆ. ಯುಎಸ್‌ಬಿ ಕ್ಯಾಮೆರಾದಲ್ಲಿ ಬರೀ ಬಿರುಕಿನ ಹಾಗೆ ಕಂಡಿತು. ಈ ಎಣಿಕೆ ಸುಮ್ನೆ ಅಲ್ಲ. ಹಳೆಯ ಬಗೆಯವು ದಂಟಿನ ಮೇಲೆ ನಿಂತವು, ಹಲವು ಫಲಕದವು. ದಂಟಿಲ್ಲದೆ ನೇರ ಬಂಡೆಗೆ ಅಂಟುವ ಬಗೆ ಬಂದದ್ದು ನಂತರ. ಅವುಗಳಲ್ಲಿ ಎಂಟು, ಆರು, ನಾಲ್ಕು ಅಂತ ಫಲಕ ಕಡಿಮೆಯಾಗುತ್ತಾ ಬಂತು. ಅದೂ ಒಂದೇ ಕವಲಿನಲ್ಲಿ ಅಲ್ಲ, ಬೇರೆ ಬೇರೆ ಕವಲುಗಳಲ್ಲಿ. ಕೀಲು ಕಡಿಮೆಯಾದಷ್ಟೂ ಗೋಡೆ ಗಟ್ಟಿ. ಜೀರುಂಡೆಯ ಎದುರಿಗೆ ಇದು ಚಿಕ್ಕ ಬಳಗ, ಜಾತಿಗಳು 2,000ಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಆಮೆಯ ಬೆನ್ನು, ತಿಮಿಂಗಿಲದ ಚರ್ಮ, ಹಡಗಿನ ತಳ, ಎಲ್ಲವನ್ನೂ ಹಿಡಿದಿವೆ. ಏಡಿಯ ಮೈಯೊಳಗೆ ಬೇರು ಬಿಟ್ಟು ಬದುಕುವ ಸಕುಲಿನ ಕೂಡ ಇದೇ ಬಳಗ, ಅದಕ್ಕೆ ಗೋಡೆಯೂ ಇಲ್ಲ, ಕಾಲೂ ಇಲ್ಲ. ಮರಿ ನೋಡಿದರೆ ಮಾತ್ರ ಗುರುತು ಸಿಗುತ್ತದೆ. ಮರಿ ನೋಡಲು ಈ ಯಂತ್ರ ಸಾಲದು, ಆಗ ಅಂಗಡಿಯವರು ಹೇಳಿದ ಕಾಲೇಜಿನ ಮೈಕ್ರೋಸ್ಕೋಪೇ ಬೇಕು.

ಒಣಗಿದ ಬಾರ್ನಕಲ್ ಅನ್ನು ನೀರಿನಲ್ಲಿ ನೆನೆಸಿಟ್ಟರೆ ಒಳಗಿನ ಕಾಲು ಮೆತ್ತಗಾಗುತ್ತದೆ. ವಿನೆಗರ್ ಹಾಕಬೇಡಿ, ಗೋಡೆಯೇ ಕರಗಿಹೋಗುತ್ತದೆ. ಸೂಜಿಯಿಂದ ಒಂದು ಕಾಲು ಬಿಡಿಸಿ ನೋಡಿ. ಬುಡ ಒಂದೇ, ಮೇಲೆ ಎರಡು ಕವಲು, ಎರಡರಲ್ಲೂ ಗೆಣ್ಣು ಗೆಣ್ಣು, ಕೂದಲು. ಪಕ್ಕದಲ್ಲಿ ನುಸಿಯ ಕಾಲು ಇಡಿ. ಅದಕ್ಕೆ ಕವಲಿಲ್ಲ, ಗೆಣ್ಣು ಇದೆ. ಕೀಟಗಳು ಕಠಿಣಚರ್ಮಿಗಳ, ಅಂದರೆ ಏಡಿ ಸೀಗಡಿ ಬಾರ್ನಕಲ್ ಬಳಗದ, ಮರದೊಳಗಿನದೇ ಒಂದು ಕೊಂಬೆ ಅನ್ನುವುದು ಈಗ ಜೀನ್‌ಗಳಿಂದ ಗಟ್ಟಿಯಾಗಿದೆ. ಜೋಳದ ಚೀಲದ್ದೂ ಕಾರವಾರದ ಚಿಪ್ಪಿನ ಮೇಲಿನದ್ದೂ ದೂರದ ಬೀಗರು. ಒಂದೇ ಗಾಜಿನ ತಟ್ಟೆಯಲ್ಲಿ ಎರಡನ್ನೂ ಇಟ್ಟು ನೋಡಿದ ಆ ಸಂಜೆಗೇ ನನ್ನ ದುಡ್ಡು ವಸೂಲಾಯಿತು.

ಜೀರುಂಡೆ ಹಿಡಿಯುತ್ತಿದ್ದ ಅದೇ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಬಾರ್ನಕಲ್ ಬಿಡಿಸುತ್ತಾ ಕೂತಿದ್ದ. ಚಿಲಿಯ ಕಡಲತೀರದಲ್ಲಿ ಸಿಕ್ಕ ಒಂದು ವಿಚಿತ್ರ ಜಾತಿಯಿಂದ ಶುರುವಾಗಿ ಇಡೀ ಬಳಗಕ್ಕೆ ಕೈ ಹಾಕಿದ. ಕೆಲವು ಜಾತಿಗಳಲ್ಲಿ ಚುಕ್ಕಿಯಷ್ಟು ಗಂಡು ದೊಡ್ಡದರ ಮೈಗೆ ಅಂಟಿಕೊಂಡಿರುವುದನ್ನು ಕಂಡ. ಬಿಡಿಸುವ ಕೆಲಸಕ್ಕೆ ಅವನು ನೆಚ್ಚಿದ್ದು ಸರಳ ಮೈಕ್ರೋಸ್ಕೋಪನ್ನು, ಜಾಸ್ತಿ ಪಟ್ಟಿನದನ್ನಲ್ಲ.

ಇನ್ನು ದೂರುಗಳು. ಕೆಳಗಿನ ಎಲ್‌ಇಡಿ ಬೇಗನೆ ಕೆಟ್ಟಿತು. ರಿಪೇರಿಗೆ ಕೊಟ್ಟರೆ ಅಂಗಡಿಯವರು "ಮಾಲು ಮ್ಯಾಲಿಂದ ಬರಬೇಕ್ರೀ" ಅನ್ನುತ್ತಲೇ ಇದ್ದರು. ಕೊನೆಗೆ ನಮ್ಮ ಎಲೆಕ್ಟ್ರಿಷಿಯನ್ ಸರಿ ಮಾಡಿದ. ಫೋಕಸ್ ಗುಂಡಿ ಸಡಿಲಾದರೆ ಮೇಲಿನ ತಲೆ ತಾನಾಗಿ ಕೆಳಗೆ ಜಾರುತ್ತದೆ. ಎರಡೂ ಗುಂಡಿಗಳನ್ನು ಹಿಡಿದು ಒಂದಕ್ಕೊಂದು ವಿರುದ್ಧ ತಿರುಗಿಸಿದರೆ ಬಿಗಿಯಾಗುತ್ತದೆ, ಇದನ್ನು ಯಾರೂ ಹೇಳಿಕೊಡಲಿಲ್ಲ. ಚಾಳೀಸು ಹಾಕಿಕೊಂಡು ನೋಡಿದರೆ ಅಂಚು ಕಾಣುವುದಿಲ್ಲ. ತೆಗೆದಿಟ್ಟು, ಎಡಗಡೆಯ ಕೊಳವೆ ತಿರುಗಿಸಿ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಕರೆಂಟ್ ಹೋದರೆ ಕೆಲಸ ನಿಂತಂತೆಯೇ, ಬ್ಯಾಟರಿ ಇಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಮಸೂರಕ್ಕೆ ಬೂಸ್ಟು ಹಿಡಿಯುತ್ತದೆ. ಜೊತೆಗೆ ಬರುವ ತೆಳು ಪ್ಲಾಸ್ಟಿಕ್ ಮುಸುಕು ಸಾಲದು, ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಹುಳಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕೆಲವು ದಿನ ಫ್ರೀಜರಿನಲ್ಲಿಟ್ಟರೆ ಸಾಯುತ್ತವೆ, ಮುರಿಯುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಬೆಳಕಿನ ವ್ಯವಸ್ಥೆಗೆ. ಕ್ಯಾಮೆರಾಕ್ಕೆ ಮೂರನೆಯ ಕೊಳವೆ ಇರುವ ಮಾದರಿಗೆ ಜಾಸ್ತಿ ದುಡ್ಡು ಕೇಳುತ್ತಾರೆ. ಮನೆಬಳಕೆಗೆ ಅದು ಬೇಡ. ಕಣ್ಣಿನ ಮಸೂರಕ್ಕೆ ಮೊಬೈಲ್ ಹಿಡಿಯುವ ಕ್ಲಿಪ್ಪು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನುಸಿಯ ಮೂತಿ ಅದರಲ್ಲೇ ಚೆನ್ನಾಗಿ ಬಂದಿದೆ. ಈಗ ಗಿರಾಕಿಗಳು "ಈ ತೂತು ಹಳೇದೋ ಹೊಸದೋ" ಅಂತ ತಾವೇ ಬಂದು ನೋಡುತ್ತಾರೆ. ಕಾಳು ಕೊಳ್ಳದೆ ಹೋಗುವವರೂ ಇದ್ದಾರೆ, ಅದು ಬೇರೆ ಮಾತು.